ಎಳ್ಳಮಾಸಿ ದಿನ ಹೇಳಿದ ಹಸಿರು

ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಒಂದು ನಡೆ ಇದೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಭೂಮಿತಾಯಿ ತುಂಬು ಬಸುರಿ. ಆಕೆಯ ಮುಂದೆ ನಿಂತು ಯಾರೂ ಕೊರತೆಯ ಮಾತು ಆಡುವುದಿಲ್ಲ. ತೊಗರಿ ಒಣಗಿದ್ದರೂ ಒಣಗಿದೆ ಎನ್ನುವುದಿಲ್ಲ, ಕಡಲೆಗೆ ಹುಳ ಬಿದ್ದಿದ್ದರೂ ಬಿದ್ದಿದೆ ಎನ್ನುವುದಿಲ್ಲ. “ಹೆಂಗದ ಬೆಳಿ?” ಎಂದು ಕೇಳಿದರೆ “ಭರ್ತಿ ಅದ” ಎಂದೇ ಹೇಳಬೇಕು. ದಿನ ತುಂಬಿದ ಹೆಣ್ಣುಮಗಳ ಎದುರು ನಿಂತು, ಯಾಕವ್ವ ಇಷ್ಟು ಸೊರಗೀದಿ ಎಂದು ಯಾರಾದರೂ ಕೇಳುತ್ತಾರೆಯೇ? ಮರುದಿನ ಬೇಕಾದಷ್ಟು ಗೋಳಾಡಿಕೊಳ್ಳಬಹುದು. ಆ ಒಂದು ದಿನ ಮಾತ್ರ ನಾಲಿಗೆಯನ್ನು ಮಡಿಯಲ್ಲಿಡಬೇಕು.

ಖಂಡೆಪ್ಪನಿಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ತಾಜಸುಲ್ತಾನಪುರದ ಒಕ್ಕಲುತನದ ಮನೆಯವನು. ಚಿಕ್ಕವನಿದ್ದಾಗ ಹೊಲದ ತುಂಬ ಎಡೆಯ ಚರಗ ಚೆಲ್ಲುವ ಹೊತ್ತಿನಲ್ಲಿ “ಯವ್ವಾ, ನಮ್ಮ ಜ್ವಾಳ ಸಣ್ಣದದ” ಎಂದದ್ದಕ್ಕೆ ಅವನ ತಾಯಿ ಬಾಯಿಗೆ ಕಡುಬು ತುರುಕಿ, ಹೊಲದ ಕಡೆ ತಿರುಗಿ ಕೈಮುಗಿದು, “ಕೂಸು, ತಿಳಿಲಾರದ ಅಂದದ, ಹೊಟ್ಟಿಗೆ ಹಾಕ್ಕೋ ತಾಯಿ” ಎಂದು ಬೇಡಿಕೊಂಡಿದ್ದಳು.

ಆ ಕೂಸು ದೊಡ್ಡದಾಗಿ ಬಿ.ಎಸ್ಸಿ. ಮುಗಿಸಿ, ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆ ಮನೆಯೊಂದರೊಳಗಿದ್ದ ಜಲಾನಯನ ಯೋಜನೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತಿದು. ಕಚೇರಿಯ ನಕ್ಷೆಗಳ ಜವಾಬ್ದಾರಿ ಮಂಜೂರ್ ಸಾಹೇಬರದು. ಆಕಾಶದಲ್ಲಿ ತಿರುಗುವ ಉಪಗ್ರಹ ತೆಗೆದ ಚಿತ್ರಗಳನ್ನು ಅವರು ಹೈದರಾಬಾದಿನಿಂದ ತರಿಸುತ್ತಿದ್ದರು. ಆ ಚಿತ್ರಗಳಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತಿತ್ತು. ಖಂಡೆಪ್ಪ ಮೊದಲ ಸಲ ನೋಡಿದಾಗ, ಊರಿಗೆ ಬೆಂಕಿ ಬಿದ್ದಿದೆಯೇನೋ ಎಂದು ಬೆಚ್ಚಿದ್ದ.

ಸಾಹೇಬರು ನಕ್ಕು ತಿಳಿಸಿ ಹೇಳಿದ್ದರು: “ನೋಡು ಭಾಯಿ, ಎಲಿ ಅನ್ನೋದು ನಮ್ಮ ಕಣ್ಣಿಗೆ ಕಾಣಲಾರದ ಒಂದು ಬೆಳಕು ತಿರುಗಿ ಎಸೀತದ. ಉಪಗ್ರಹ ಅದನ್ನ ಹಿಡೀತದ. ಎಲಿ ಜಾಸ್ತಿ ಇದ್ದಲ್ಲಿ ಜಾಸ್ತಿ ಕೆಂಪು. ಆದ್ರ ಅದು ಯಾವ ಗಿಡದ ಎಲಿ, ಬುಡದಾಗ ಏನದ, ಅದಕ್ಕ ತಿಳಿಯಂಗಿಲ್ಲ. ಅದಕ್ಕೇ ಭೂಮಿ ಮ್ಯಾಲ ಒಬ್ಬ ಹೋಗಿ ನೋಡ್ಬೇಕು.”

ಆ ಒಬ್ಬನೇ ಖಂಡೆಪ್ಪ. ಸಾಹೇಬರು ನಕ್ಷೆಯ ಮೇಲೆ ಅಲ್ಲಲ್ಲಿ ಚುಕ್ಕೆ ಇಟ್ಟು ಕೊಡುತ್ತಿದ್ದರು. ಅವನು ಆ ಜಾಗಕ್ಕೇ ಹೋಗಿ ನಿಂತು, ನಕ್ಷೆ ಹೇಳಿದ್ದು ನೆಲದ ಮೇಲೆ ಇದೆಯೋ ಇಲ್ಲವೋ ನೋಡಿ ಬರಬೇಕು. ಚುಕ್ಕೆಗಳು ಎಷ್ಟು ತಾಳೆಯಾಗುತ್ತವೋ ನಕ್ಷೆ ಅಷ್ಟು ನಿಖರ. ನಿಖರವಾದ ನಕ್ಷೆ ನೋಡಿ ಮೇಲಿನವರು ಕೆಲಸ ಹಂಚುತ್ತಾರೆ. ಹಸಿರಿಲ್ಲದ ಗುಡ್ಡಗಳಿಗೆ ಒಡ್ಡು, ಕಾಲುವೆ, ಹುಲ್ಲಿನ ಬೀಜ. ಹಸಿರು ದಟ್ಟವಾಗಿದ್ದರೆ ಮಣ್ಣು ಕೊಚ್ಚಿಹೋಗುವುದಿಲ್ಲ ಎಂದರ್ಥ. ಅಲ್ಲಿಗೆ ಏನೂ ಬೇಡ.

ತೊಗರಿ ಕೊಯ್ಲಾದರೆ ಚಿತ್ರಕ್ಕೂ ನೆಲಕ್ಕೂ ತಾಳೆ ತಪ್ಪುತ್ತದೆ ಎಂದು ಸಾಹೇಬರು ಅವಸರ ಮಾಡಿದ್ದರು. ಹೀಗಾಗಿ ಖಂಡೆಪ್ಪ ಎಳ್ಳಮಾಸಿಯ ದಿನವೇ ಕಮಲಾಪುರದ ಬಸ್ಸು ಹತ್ತಬೇಕಾಯಿತು.

ಅವತ್ತು ಊರಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲರೂ ಹೊಲದಲ್ಲಿ. ಅವನು ಹೋದ ದಾರಿಯಲ್ಲೆಲ್ಲ ಜೋಳದ ದಂಟಿನ ಕೊಂಪೆ, ಅದರೊಳಗೆ ಪಾಂಡವರೆಂದು ಪೂಜೆಗೊಂಡ ಐದು ಕಲ್ಲು, ಸುತ್ತ ಬುತ್ತಿ ಬಿಚ್ಚಿ ಕುಳಿತ ಮಂದಿ. ಒಂದು ಹೊಲ ದಾಟುವುದರೊಳಗೆ ಇನ್ನೊಂದು ಹೊಲದವರು ಕೂಗುತ್ತಿದ್ದರು. ಎಳ್ಳಮಾಸಿಯ ಎಡೆ ಒಲ್ಲೆನೆನ್ನುವುದು ಹೇಗೆ? ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ಮೊದಲಿನ ಹೊಲದಲ್ಲಿ ಭಕ್ತಿಯಿಂದ ಉಂಡ. ಎರಡನೆಯದರಲ್ಲಿ ಮರ್ಯಾದೆಗೆ ಉಂಡ. ಆಮೇಲಿನದರಲ್ಲಿ ಉಸಿರಾಡಲು ಜಾಗವಿಲ್ಲದಿದ್ದರೂ ಉಂಡ.

ಹುಣಸಿವಾಡಿಯ ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಸೂರ್ಯ ಇಳಿಮುಖನಾಗಿದ್ದ. ಸಾಹೇಬರ ಚುಕ್ಕೆ ಗುಡ್ಡದ ಮೇಲಿತ್ತು. ಬುಡದ ಹೊಲದಲ್ಲಿ ದುಂಡಮ್ಮ ಇದ್ದಳು. ಗಂಡ ತೀರಿದ ಮೇಲೆ ತಾನೇ ಹೊಲ ಮಾಡಿಸಿಕೊಂಡಿದ್ದ, ಐವತ್ತು ದಾಟಿದ ಗಟ್ಟಿ ಹೆಣ್ಣುಮಗಳು.

“ಯಾರಪ್ಪಾ ಅದು, ಹಬ್ಬದ ದಿನ ಚೀಲ ಹೊತ್ಕೊಂಡು ಹೊಂಟಾರ? ಬರ್ರಿ, ಉಂಡು ಹೋಗ್ರಿ.”

“ಹೊಟ್ಟಿ ಭರ್ತಿ ಆಗ್ಯಾದ ಯವ್ವಾ, ಒಲ್ಲೆ.”

“ಎಲ್ಲಾರ ಹೊಲದಾಗ ಉಂಡು ನಮ್ಮ ಹೊಲ ಏನ ಪಾಪ ಮಾಡ್ಯಾದ? ಕುಂದ್ರು ತಮ್ಮಾ. ಒಂದು ಕಡಬು ತಿಂದ್ರ ಸಾಯಂಗಿಲ್ಲ ನೀ.”

ಕುಳಿತ. ಒಂದು ಕಡುಬು ಮೂರಾಯಿತು, ಮೇಲೊಂದು ಶೇಂಗಾ ಹೋಳಿಗೆ. ಕಣ್ಣು ಎಳೆಯತೊಡಗಿತು. ತಲೆ ಎತ್ತಿ ಗುಡ್ಡ ನೋಡಿದ. ಅಡ್ಡಾದಿಡ್ಡಿ ಕಲ್ಲು, ನೆಟ್ಟಗಿನ ಏರು. ನೆತ್ತಿಯ ತನಕ ಹಸಿರೋ ಹಸಿರು.

“ಮ್ಯಾಲ ಏನದ ಯವ್ವಾ? ಹುಲ್ಲು, ಗಿಡ ಎಲ್ಲ ಚಲೋ ಅದನು?”

ದುಂಡಮ್ಮ ಗುಡ್ಡದ ಕಡೆ ನೋಡಿದಳು. ಅರೆಗಳಿಗೆ ಸುಮ್ಮನಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು, “ಹಸರ್ ಅದಪ್ಪಾ. ನಮ್ಮವ್ವ ತುಂಬಿ ನಿಂತಾಳ, ಏನ್ ಕೇಳ್ತಿ” ಎಂದಳು.

ಆ ಅರೆಗಳಿಗೆಯ ಮೌನವನ್ನು ಖಂಡೆಪ್ಪ ನೋಡಿದ್ದ. ಅದರ ಅರ್ಥವೂ ಅವನಿಗೆ ತಿಳಿದಿತ್ತು. ಆದರೂ ಎದ್ದು ಕೈ ತೊಳೆದು, ಗುಡ್ಡಕ್ಕೆ ಬೆನ್ನು ಹಾಕಿ ಬಸ್ಸಿನ ದಾರಿ ಹಿಡಿದ. ಅವತ್ತಿನ ಉಳಿದ ಚುಕ್ಕೆಗಳದೂ ಅದೇ ಗತಿ. ಕೆಲವನ್ನು ರಸ್ತೆಯ ಮೇಲಿಂದ ನೋಡಿದ, ಕೆಲವನ್ನು ನೋಡಲೂ ಇಲ್ಲ. ಎಲ್ಲದಕ್ಕೂ ತಾಳೆಯಾಗಿದೆ ಎಂದು ಬರೆದ.

ಮಂಜೂರ್ ಸಾಹೇಬರ ಸಂತೋಷಕ್ಕೆ ಪಾರವಿರಲಿಲ್ಲ. ನೂರರಲ್ಲಿ ತೊಂಬತ್ತರ ಮೇಲೆ ತಾಳೆ! ಜಿಲ್ಲೆಯಲ್ಲಿ ಇಂಥ ನಕ್ಷೆ ಹಿಂದೆ ಯಾರೂ ಮಾಡಿರಲಿಲ್ಲ. ಕಚೇರಿಗೆಲ್ಲ ಮಾಲ್ಪುರಿ ತರಿಸಿ ಹಂಚಿದರು. “ನಕ್ಷೆ ನಂದು, ಕಾಲು ಖಂಡೆಪ್ಪಂದು” ಎಂದು ಎಲ್ಲರೆದುರು ಬೆನ್ನು ತಟ್ಟಿದರು. ಮುಂದಿನ ಸಲ ಅವನ ಹೆಸರು ಕಾಯಂ ಮಾಡಲು ಬರೆಯುತ್ತೇನೆ ಎಂದರು. ಖಂಡೆಪ್ಪ ಮಾಲ್ಪುರಿಯ ತುಂಡು ಬಾಯಿಗಿಟ್ಟು, ಚಹಾ ಕುಡಿದು ನುಂಗಿದ. ಒಂದೆರಡು ಚುಕ್ಕೆ ಹೆಚ್ಚುಕಡಿಮೆಯಾದರೆ ಜಗತ್ತು ಮುಳುಗುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಹುಣಸಿವಾಡಿಯ ಅಮೋಘಪ್ಪ ಕಚೇರಿಗೆ ಬಂದ. ಪಂಚಾಯಿತಿಯ ಹಿರಿಯ, ಸಿಟ್ಟಿನ ಮನುಷ್ಯ. ಸಾಹೇಬರು ಊರಲ್ಲಿರಲಿಲ್ಲ. ಸುತ್ತಿನ ಊರುಗಳಿಗೆಲ್ಲ ಒಡ್ಡಿನ ಕೆಲಸ ಮಂಜೂರಾಗಿ ನಮ್ಮ ಊರೊಂದೇ ಹೇಗೆ ಬಿಟ್ಟುಹೋಯಿತು ಎಂದು ಖಂಡೆಪ್ಪನ ಮೇಜಿನ ಮುಂದೆ ನಿಂತು ಕೇಳಿದ.

“ನಿಮ್ಮ ಗುಡ್ಡ ಹಸರ್ ಅದ್ರಿ. ನಕ್ಷಾದಾಗ ಹಂಗೇ ಬಂದದ.”

“ಹಸರಾ? ಅದು ಬಳ್ಳಾರಿ ಜಾಲಿ ರೀ! ದನ ಮೂಸಂಗಿಲ್ಲ ಅದನ್ನ. ಅದರ ಬುಡದಾಗ ಹುಲ್ಲಿನ ಕಡ್ಡಿ ಹುಟ್ಟಂಗಿಲ್ಲ. ಮಳಿ ಬಂದ್ರ ಗುಡ್ಡದ ಮಣ್ಣೆಲ್ಲ ನಮ್ಮ ಬಾವಿಗೆ ಬರ್ತದ. ನೀವು ಯಾರರೆ ಹತ್ತಿ ನೋಡಿರೋ ಇಲ್ಲೋ?”

ಸುತ್ತಲಿನ ಮೇಜುಗಳಲ್ಲಿ ಮಾತು ನಿಂತಿತು. ಖಂಡೆಪ್ಪನ ಬಾಯಿಂದ ಬಂದದ್ದು ಇಷ್ಟು:

“ನಿಮ್ಮೂರವರೇ ಹೇಳ್ಯಾರಲ್ರೀ. ಗುಡ್ಡದ ಬುಡದಾಗ ಹೊಲ ಅದಲ್ಲ, ಆ ಹೆಣ್ಮಗಳನ್ನೇ ಕೇಳ್ಕೊಂಡು ಬಂದೀನಿ. ತುಂಬಿ ನಿಂತದ ಅಂದಾಳ ಆಕಿ.”

ಅಮೋಘಪ್ಪ ಬಾಯಿ ತೆರೆದವನು ಹಾಗೆಯೇ ನಿಂತ. “ದುಂಡಮ್ಮ?” ಎಂದ. “ನಮ್ಮ ದುಂಡಮ್ಮ ಅಂದಾಳ?” ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅವನ ಹೆಜ್ಜೆ ಮೆಟ್ಟಿಲಿಳಿಯುವುದು ಕೇಳುತ್ತಿತ್ತು. ಕೂಗಿ ಕರೆಯಲು ಇನ್ನೂ ಹೊತ್ತಿತ್ತು. ಖಂಡೆಪ್ಪ ಕರೆಯಲಿಲ್ಲ.

ಪಾಪವೆಂಬುದು ಗರಿಕೆಯ ಬೇರಿನಂತೆ ನೆಲದೊಳಗೇ ಹಬ್ಬುತ್ತದೆ ಎನ್ನುತ್ತಾರೆ ಹಿರಿಯರು. ಮೇಲೆ ಒಂದು ಎಳೆ ಕಿತ್ತರೆ ಒಳಗೆ ಹತ್ತು. ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ. ಹೆಂಡತಿ ಮಾನಮ್ಮ ರೊಟ್ಟಿ ಬಡಿಸುತ್ತ “ಯಾಕ್ರೀ, ಕೈ ಹಂಗೇ ನಿಂತದ?” ಎಂದರೆ ಏನೋ ನೆವ ಹೇಳುತ್ತಿದ್ದ. ಕೈಯಲ್ಲಿ ರೊಟ್ಟಿ ಹಿಡಿದರೆ ಹೊಲದಲ್ಲಿ ಕಡುಬು ಕೊಟ್ಟ ಇನ್ನೊಂದು ಕೈ ಕಾಣುತ್ತಿತ್ತು. ಉಂಡ ಮನೆಗೆ ಎರಡು ಬಗೆದವನು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದ. ಆ ಮಾತು ತನಗಾಗಿಯೇ ಹುಟ್ಟಿದ್ದು ಎಂದು ಈಗ ಅನ್ನಿಸುತ್ತಿತ್ತು. ಶರಣಬಸಪ್ಪನ ಗುಡಿಗೆ ಹೋಗಿ ಕಣ್ಣು ಮುಚ್ಚಿ ನಿಂತ. ತಪ್ಪಾಯಿತು ತಂದೆ ಎಂದ. ಹೊರಗೆ ಬಂದು ಕೆರೆಯ ದಂಡೆಯಲ್ಲಿ ನಡೆಯುವಾಗ ಅವನಿಗೆ ಹೊಳೆಯಿತು: ದೇವರ ಮುಂದೆ ಒಪ್ಪಿಕೊಳ್ಳುವುದು ಸಲೀಸು, ದೇವರು ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಹುಣಸಿವಾಡಿಗೆ ಹೋದ. ಹಿಂದಿನ ದಿನ ದೊಡ್ಡ ಮಳೆಯಾಗಿತ್ತು. ಊರ ಬಾವಿಯ ಅರ್ಧದಷ್ಟು ಮೆಟ್ಟಿಲುಗಳನ್ನು ಕೆಂಪು ಕೆಸರು ನುಂಗಿತ್ತು. ಹೆಂಗಸರು ಸಾಲಾಗಿ ನಿಂತು, ತಿಳಿ ನೀರು ಸಿಗುವ ಒಂದೇ ಮೂಲೆಯಲ್ಲಿ ಕೊಡ ತುಂಬಿಕೊಳ್ಳುತ್ತಿದ್ದರು. ದುಂಡಮ್ಮ ಎಲ್ಲರಿಗಿಂತ ದೂರ, ಬೇವಿನ ಗಿಡದ ಕೆಳಗೆ ತನ್ನ ಕೊಡದ ಪಕ್ಕ ಕುಳಿತಿದ್ದಳು. ಅವಳ ನಂತರ ಬಂದವರೂ ತುಂಬಿಕೊಂಡು ಹೋಗುತ್ತಿದ್ದರು.

“ಹಸರ್ ಗುಡ್ಡದ ನೀರು ಕೆಂಪ್ಯಾಕ ಬರ್ತಾವೋ?” ಎಂದು ಒಬ್ಬಳು ಯಾರಿಗೂ ಹೇಳದ ಹಾಗೆ ಹೇಳಿದಳು. ಉಳಿದವರು ಕಿಸಕ್ಕನೆ ನಕ್ಕರು. ದುಂಡಮ್ಮ ಕೊಡದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತೇ ಇದ್ದಳು. ಗಟ್ಟಿ ಹೆಣ್ಣುಮಗಳು ಎರಡು ತಿಂಗಳಲ್ಲಿ ಇಳಿದುಹೋಗಿದ್ದಳು.

ಖಂಡೆಪ್ಪ ಹಿತ್ತಿಲ ಗೋಡೆಯ ಮರೆಗೆ ಸರಿದ. ಅವಳ ಕಣ್ಣಿಗೆ ಬೀಳುವ ಧೈರ್ಯವಾಗಲಿಲ್ಲ. ಸುತ್ತು ಹಾಕಿ ಗುಡ್ಡ ಹತ್ತಿದ. ಜಾಲಿಯ ಮುಳ್ಳು ತೋಳು ಗೀರಿತು, ಚಪ್ಪಲಿ ತೂರಿ ಅಂಗಾಲಿಗೆ ಇಳಿಯಿತು. ಬಗ್ಗಿ ಜಾಲಿಯ ಚಪ್ಪರದೊಳಗೆ ನುಸುಳಿದ. ಮೇಲೆ ಎಲೆಯ ಮುಚ್ಚಿಗೆ, ಕೆಳಗೆ ಬತ್ತಲೆ ನೆಲ. ಹುಲ್ಲಿಲ್ಲ, ಗರಿಕೆಯಿಲ್ಲ. ನೀರು ಕೊರೆದ ಕೊರಕಲುಗಳು ಆಳುದ್ದ ಇಳಿದಿದ್ದವು. ಮಣ್ಣು ತೊಳೆದುಹೋಗಿ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಒಂದು ಹಿಡಿ ನೆಲ ಮುಟ್ಟಿದ. ಕಲ್ಲಿನ ಪುಡಿ ಬಂತು. ಆಕಾಶದ ಕಣ್ಣಿಗೆ ಎಲೆ ಕಂಡಿತ್ತು, ಎಲೆ ಎಂದು ಹೇಳಿತ್ತು. ಅದರಲ್ಲಿ ಸುಳ್ಳಿಲ್ಲ. ಈ ಚಪ್ಪರದ ಕೆಳಗೆ ಬಗ್ಗಿ ನೋಡಬೇಕಾಗಿದ್ದ ಕಣ್ಣು ಕಡುಬು ತಿಂದು ಮಲಗಿತ್ತು.

ಮರುದಿನ ಮಂಜೂರ್ ಸಾಹೇಬರ ಕೋಣೆಗೆ ಹೋದ. ಹುಣಸಿವಾಡಿಯ ಒಂದು ಚುಕ್ಕೆ ತಪ್ಪಾಗಿದೆ ಎಂದಷ್ಟೇ ಹೇಳಿದ. ಸಾಹೇಬರು ತಲೆ ಎತ್ತದೆ, “ಆಗ್ತದ ಭಾಯಿ. ನೂರಕ್ಕ ನೂರು ಯಾವ ನಕ್ಷಾ ಇರ್ತದ? ಹತ್ತರಾಗ ಒಂದು ತಪ್ಪು ಇರೋದೇ. ಆ ಊರಿನ ನಸೀಬು ಅದರಾಗ ಬಿತ್ತು” ಎಂದರು.

ಬಾಗಿಲು ಅಲ್ಲಿಯೇ ಇತ್ತು. ಅವರು ಕ್ಷಮಿಸಿದ ಹಾಗೆಯೇ ಆಗಿತ್ತು. ಹೊರಟುಬಿಡಬಹುದಿತ್ತು.

“ಆ ಹತ್ತರಾಗ ಒಂದು ಅನ್ನೋ ಲೆಕ್ಕನೂ ನಾ ಬರದದ್ದರ ಮ್ಯಾಲೇ ನಿಂತದ ರೀ ಸಾಹೇಬ್ರ,” ಎಂದ ಖಂಡೆಪ್ಪ. “ನಾ ಆ ಗುಡ್ಡ ಹತ್ತೇ ಇಲ್ಲ.”

ಸಾಹೇಬರ ಪೆನ್ನು ನಿಂತಿತು. “ಉಳಿದದ್ದು?”

“ಅವತ್ತಿನವು ಮುಕ್ಕಾಲು ಹಂಗೇ ಬರದೀನಿ.”

“ಯಾವುವು ನೋಡಿದಿ, ಯಾವುವು ಬಿಟ್ಟಿ, ನೆನಪದನು?”

“ಕೆಲವು ನೆನಪವ. ಕೆಲವು ಇಲ್ರಿ.”

ಗೋಡೆಯ ಮೇಲೆ ಸಾಹೇಬರ ನಕ್ಷೆ ತೂಗುತ್ತಿತ್ತು. ಎದ್ದು ಹೋಗಿ ಅದರ ಮುಂದೆ ನಿಂತರು.

“ಒಂದು ತಪ್ಪಿದ್ದರ ತಪ್ಪು ಅಂತ ಬರಕೊಂಡು ಮುಂದ ಹೋಗಬಹುದು ಖಂಡೆಪ್ಪ. ಯಾವುದು ಖರೆ ಅಂತ ಗೊತ್ತಿಲ್ಲ ಅಂದ್ರ ಏನು ಬರೀಲಿ? ಆ ಉಪಗ್ರಹಕ್ಕ ಕಾಲಿಲ್ಲ. ನಿನಗ ಅವ ಅಂತ ನಿನ್ನ ಕಳಿಸಿದ್ದೆ.” ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. “ನಾ ಹೈದರಾಬಾದಿನಾಗ ನಿಂತು ಎದಿ ತಟ್ಟಿ ಹೇಳಿ ಬಂದೀನಿ ಈ ನಕ್ಷಾದ ಬಗ್ಗೆ.”

ಅವತ್ತೇ ನಕ್ಷೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮೇಲೆ ಬರೆದರು. ಚುಕ್ಕೆಗಳನ್ನೆಲ್ಲ ಹೊಸದಾಗಿ ನೋಡಿ ಮುಗಿಯುವವರೆಗೆ ಯಾವ ಊರಿಗೂ ಕೆಲಸವಿಲ್ಲ. ಕಾಯಂ ಮಾಡುವ ಮಾತು ಸಹಜವಾಗಿಯೇ ನಿಂತಿತು. “ಹುಣಸಿವಾಡಿಗೆ ನಾನೇ ಕಾಗದ ಹಾಕ್ತೀನಿ, ಸೇರಸ್ತೀವಿ ಅಂತ” ಎಂದರು ಸಾಹೇಬರು.

ಕಾಗದ ಹೋದರೆ ಗುಡ್ಡಕ್ಕೆ ಒಡ್ಡು ಬರುತ್ತದೆ. ಆದರೆ ಬೇವಿನ ಗಿಡದ ಕೆಳಗೆ ಕುಳಿತವಳ ಮೇಲಿನ ಮಾತು ಯಾವ ಕಾಗದದಿಂದ ಹೋದೀತು? ಅದನ್ನು ಆಡಿದ್ದು ಬಾಯಿ. ಬಾಯಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಇದೊಂದನ್ನು ಸಾಹೇಬರಿಗೂ ಅವನು ಹೇಳಿರಲಿಲ್ಲ.

ಶನಿವಾರ ಹುಣಸಿವಾಡಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರು ಕುಳಿತಿದ್ದರು. ಎಣ್ಣೆ ಹಾಕಲು ಬಂದ ಹೆಂಗಸರು ಒಂದು ಪಕ್ಕಕ್ಕೆ. ದುಂಡಮ್ಮ ಅವರ ಹಿಂದೆ, ತೇರಿನಂತೆ ದೊಡ್ಡದಾದ ಅರಳಿ ಬುಡದ ಆಚೆ. ಖಂಡೆಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ನಿಂತ.

“ನಾ ಅವತ್ತು ಗುಡ್ಡ ಹತ್ತಿದ್ದಿಲ್ರಿ,” ಎಂದ. “ಎಳ್ಳಮಾಸಿ ದಿನ ಈ ಯವ್ವನ ಹೊಲದಾಗ ಉಂಡೆ. ಉಂಡು, ಹಸರ್ ಅದನು ಅಂತ ಕೇಳಿದೆ. ಆ ದಿನ ಯಾರೂ ಇಲ್ಲ ಅನ್ನಂಗಿಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೇ ಬರದೆ. ಆಮ್ಯಾಲ ಅಮೋಘಪ್ಪನವರು ಕೇಳಿದಾಗ, ನನ್ನ ಮೈಮ್ಯಾಲಿಂದ ಜಾರಿಸಿ ಈಕಿ ಮ್ಯಾಲ ಹಾಕಿದೆ.”

ಅಮೋಘಪ್ಪ ಕಟ್ಟೆಯಿಂದ ಇಳಿದು ಬಂದ. ಹೊಡೆಯುತ್ತಾನೆ ಎಂದುಕೊಂಡ ಖಂಡೆಪ್ಪ, ಹೊಡೆಯಲಿ ಎಂದೂ ಅಂದುಕೊಂಡ.

“ನಿನಗ ಉಣಿಸಿದ್ದು ಆಕಿ ಅಲ್ಲೇನೋ?” ಎಂದ ಅಮೋಘಪ್ಪ. ಬಹುವಚನ ಹೋಗಿತ್ತು. “ನಾವರೆ ಎಂಥಾ ಮಂದಿ! ಎಳ್ಳಮಾಸಿ ದಿನದ ಮಾತು ಅಂತ ಒಬ್ಬರಿಗೂ ಹೊಳೀಲಿಲ್ಲ. ಎರಡು ತಿಂಗಳ ಬೇವಿನ ಬುಡಕ್ಕ ಕುಂದ್ರಿಸಿದೆವು ಆಕಿನ್ನ.”

ಬಾವಿಯ ಬಳಿ ನಕ್ಕಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸರು ಎರಡು ಪಾಲಾಗಿ ದಾರಿ ಬಿಟ್ಟರು. ದುಂಡಮ್ಮ ನಿಧಾನವಾಗಿ ಮುಂದೆ ಬಂದಳು. ಖಂಡೆಪ್ಪ ಅವಳ ಪಾದ ಮುಟ್ಟಲು ಬಗ್ಗಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಮಂದಿ ಅಂದದ್ದು ಇರಲಿ ತಮ್ಮಾ. ಮಂದಿ ಇವತ್ತ ಅಂತಾರ, ನಾಳಿ ಮರೀತಾರ,” ಎಂದಳು. “ನಾ ಏನ್ ಮಾಡೀನಿ ಗೊತ್ತದನು? ಹಬ್ಬದ ದಿನ ತಾಯಿ ನಿನ್ನ ಮಾನ ಕಾಯಾಕ ಹೋಗಿ ನನ್ನ ಮಾನ ಹೋತಲ್ಲ ಅಂತ, ಹೊಲದಾಗ ನಿಂತು ಭೂಮಿತಾಯಿಗೆ ಬೈದೀನಿ. ಬಂಜಿ ಅಂದೀನಿ. ಬಿತ್ತೂ ಮುಂದ, ಕೂರಿಗಿ ಹಿಡಕೊಂಡು ಅಂದೀನಿ. ನನ್ನ ಹೊಟ್ಟಿಯಾಗ ಹುಟ್ಟಿದವರಿಗೂ ಆ ಮಾತು ಅಂದಿಲ್ಲ ನಾ. ಅದನ್ನ ಹೆಂಗ ತಿರುಗಿ ತಗೊಳ್ಳಿ, ಹೇಳು?”

ಖಂಡೆಪ್ಪ ತನ್ನ ತಪ್ಪು ಗುಡ್ಡಕ್ಕೆ, ಬಾವಿಗೆ, ಒಬ್ಬಳ ಹೆಸರಿಗೆ ತಗುಲಿದೆ ಎಂದು ತಿಳಿದು ಬಂದಿದ್ದ. ಅದು ಅವಳ ಪೂಜೆಯ ಒಳಗೂ ಹೊಕ್ಕಿದೆ ಎಂದು ತಿಳಿದಿರಲಿಲ್ಲ. ಅಲ್ಲಿಗೆ ಹೋಗಿ ನೋಡುವ ಕಣ್ಣು ಮೇಲೂ ಇಲ್ಲ, ಕೆಳಗೂ ಇಲ್ಲ.

ದುಂಡಮ್ಮ ಎಣ್ಣೆಯ ಬಟ್ಟಲನ್ನು ಪೂಜಾರಿಯ ಕೈಗಿತ್ತು, ಸೆರಗು ಬಿಗಿದುಕೊಂಡಳು.

“ಆಕಿದೂ ನಂದೂ ನಾ ನೋಡ್ಕೋತೀನಿ. ನೀ ನಿಂದು ನೋಡ್ಕೋ. ಹೋಗು, ಮಳಿ ಬರಾದ್ರಾಗ ಏನು ನೋಡಬೇಕೋ ನೋಡು.”

ಹೇಳಿ, ಹೊಲದ ದಾರಿ ಹಿಡಿದಳು. ಅಮೋಘಪ್ಪ ಗುಡಿಯ ಮೂಲೆಯಲ್ಲಿದ್ದ ಕೊಡಲಿ ಎತ್ತಿಕೊಂಡು, “ಗುಡ್ಡದ ಮುಳ್ಳು ಕಡಕೊಂಡು ಮುಂದ ನಾ ಹೋಗ್ತೀನಿ, ಹಿಂದ ಬಾ” ಎಂದ. ಖಂಡೆಪ್ಪ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ನಡೆದ.